ರಾಜನಿಗೆ ಒಂದೇ ನೆಗೆತ

ಯಂತ್ರಕ್ಕೆ ಚದುರಂಗ ಕಲಿಸಿದ ಮೊದಮೊದಲಿನವರ ಪಟ್ಟಿಯನ್ನು ಯಾರಾದರೂ ಬರೆದರೆ ಅದರಲ್ಲಿ ನಾನು ಇರುವುದಿಲ್ಲ. ಇರಬೇಕಾಗಿತ್ತು. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಈ ವಯಸ್ಸಿನಲ್ಲಿ ವಿನಯ ನಟಿಸುವಷ್ಟು ತಾಳ್ಮೆ ನನಗಿಲ್ಲ. ಅರವತ್ತರ ದಶಕದ ಕೊನೆಯಲ್ಲಿ, ಹೊರದೇಶಗಳ ದೊಡ್ಡ ದೊಡ್ಡ ವಿದ್ವಾಂಸರು ಕೋಣೆ ತುಂಬುವ ಕಂಪ್ಯೂಟರುಗಳಿಗೆ ಚದುರಂಗ ಕಲಿಸಲು ಹೆಣಗುತ್ತಿದ್ದಾಗ, ಚಿಕ್ಕಬಳ್ಳಾಪುರದ ಬಸ್ ಏಜೆಂಟರ ಮಗಳಾದ ನಾನೂ ಬೆಂಗಳೂರಿನ ಒಂದು ಸಂಸ್ಥೆಯ ಕಂಪ್ಯೂಟರಿಗೆ ಅದನ್ನೇ ಕಲಿಸುತ್ತಿದ್ದೆ. ಅವರು ಜಗತ್ತನ್ನು ಗೆಲ್ಲುವ ಯಂತ್ರ ಮಾಡಲು ಹೊರಟಿದ್ದರು. ನನಗೆ ನಮ್ಮ ಮನೆಯ ಜಗಲಿಯ ಮೇಲೆ ಅಪ್ಪನ ಎದುರಿಗೆ ಒಂದು ಜಾಗ ಬೇಕಾಗಿತ್ತು, ಅಷ್ಟೆ.

ಹಾಗಾಗಿ ಜಗಲಿಯಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣಕ್ಕೆ ಎದುರಾಗಿತ್ತು. ಅಪ್ಪನಿಗೆ ಊರ ಹೊರಗೆ ಸ್ವಲ್ಪ ಜಮೀನಿತ್ತು, ಆದರೆ ಅವನ ಮನಸ್ಸೆಲ್ಲ ಬಸ್ಸುಗಳ ಮೇಲೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬೆಂಗಳೂರು, ಎಲ್ಲ ಕಡೆಗೂ ಹೋಗುವ ಖಾಸಗಿ ಬಸ್ಸುಗಳಿಗೆ ಜನ ಹತ್ತಿಸುವುದು, ಟಾಪಿನ ಮೇಲೆ ನಂದಿಯ ದ್ರಾಕ್ಷಿ ಬುಟ್ಟಿ, ಸಾದಲಿಯ ರೇಷ್ಮೆಗೂಡಿನ ಮೂಟೆ ಹೇರಿಸುವುದು, ಡ್ರೈವರುಗಳ ಜಗಳ ಬಿಡಿಸುವುದು ಅವನ ಕೆಲಸ. ಎರಡು ಬಸ್ಸುಗಳ ನಡುವೆ ಬಿಡುವು ಸಿಕ್ಕಿತೆಂದರೆ ಜಗಲಿಯ ಮೇಲೆ ಚದುರಂಗದ ಮಣೆ ಬರುತ್ತಿತ್ತು. ಊರಿನಲ್ಲಿ ಅವನನ್ನು ಸೋಲಿಸುವವರು ಇರಲಿಲ್ಲ. ಇರಲಿಲ್ಲ ಅನ್ನುವುದನ್ನು ಅವನೇ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ.

ಊರಿನವರ ಜೊತೆ ಆಡಿ ಬೇಜಾರಾಗಿ ಅವನು ಬಸ್ಸಿನ ಆಟ ಶುರು ಮಾಡಿದ. ಗೌರಿಬಿದನೂರಿನಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರು, ಚಿಂತಾಮಣಿಯಲ್ಲಿ ಕಡಲೆಕಾಯಿ ವ್ಯಾಪಾರದ ಶೆಟ್ಟರು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಸಾಹೇಬರು. ಈ ಮೂವರೂ ತಂತಮ್ಮ ಊರಿನಲ್ಲಿ ಮಣೆ ಹೂಡಿಕೊಂಡು ಕೂರುವರು. ಇಲ್ಲಿಂದ ಅಪ್ಪ ಒಂದು ಕಾಯಿ ನಡೆಸಿದರೆ ಅದನ್ನು ಹಳೇ ಟಿಕೆಟ್ಟಿನ ಹಿಂದೆ ಬರೆದು ಕಂಡಕ್ಟರ ಕೈಗೆ ಕೊಡುವನು. ಬಸ್ಸು ಅಲ್ಲಿ ಹೋಗಿ, ಜನ ಇಳಿಸಿ, ಜನ ಹತ್ತಿಸಿಕೊಂಡು ತಿರುಗಿ ಬರುವಾಗ ಉತ್ತರ ಬರುತ್ತಿತ್ತು. ಕಂಡಕ್ಟರುಗಳಿಗೆ ಚದುರಂಗದ ಗಂಧಗಾಳಿ ಇರಲಿಲ್ಲ. ಆದರೂ ಬಸ್ಸು ನಿಲ್ದಾಣಕ್ಕೆ ತಿರುಗುವಾಗಲೇ ಫುಟ್‌ಬೋರ್ಡಿನ ಮೇಲೆ ನೇತಾಡಿಕೊಂಡು ಕೂಗುವರು:

"ಚಿಂತಾಮಣಿ ಒಂಟೆ ಬಂತು! ಮಂತ್ರಿ ಸಾಲು, ಐದನೇ ಮನೆ!"

ಬಸ್ಸಿನಲ್ಲಿದ್ದವರಿಗೆಲ್ಲ ಇದರಲ್ಲಿ ಪಾಲು. ಒಬ್ಬ ಇಳಿಯುತ್ತಾ, "ಆನೆ ಕಾಪಾಡ್ಕೊಳಿ ಏಜೆಂಟ್ರೇ" ಅಂತ ಹೇಳಿ ಹೋಗುವನು. ಅವನಿಗೆ ಯಾವ ಆನೆ, ಎಲ್ಲಿಯ ಆನೆ ಅಂತ ಗೊತ್ತಿರುತ್ತಿರಲಿಲ್ಲ.

ಆ ಟಿಕೆಟ್ಟುಗಳನ್ನು ಓಡಿಹೋಗಿ ತರುವ ಕೆಲಸ ನನ್ನದು. ತಂದುಕೊಟ್ಟವಳಿಗೆ ಅಪ್ಪನ ಎದುರು ಕೂತು, ಎದುರಾಳಿಯ ಕಾಯಿಯನ್ನು ನಡೆಸುವ ಅಧಿಕಾರವೂ ಇತ್ತು. ಹಾಗೆ ನಾನು ಗೌರಿಬಿದನೂರೂ ಆದೆ, ಚಿಂತಾಮಣಿಯೂ ಆದೆ, ಶಿಡ್ಲಘಟ್ಟವೂ ಆದೆ. ಬಸ್ಸು ಬರುವುದು ತಡವಾದರೆ ಅಪ್ಪ ನನ್ನ ಜೊತೆಯೇ ಒಂದು ಆಟ ಆಡುತ್ತಿದ್ದ. ಎಂಟು ವರ್ಷಕ್ಕೇ ನಾನು ಕೆಟ್ಟದಾಗಿ ಆಡುತ್ತಿರಲಿಲ್ಲ ಅಂತ ಹೇಳಲು ನನಗೆ ಸಂಕೋಚವಿಲ್ಲ.

ನಮ್ಮ ಕಡೆಯ ಆಟದಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿದ್ದವು. ಅವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಒಂದು, ರಾಜನ ನೆಗೆತ. ಪುಸ್ತಕದ ಚದುರಂಗದಲ್ಲಿ ರಾಜ ಒಂದೊಂದೇ ಮನೆ ಹೆಜ್ಜೆ ಇಡುತ್ತಾನೆ. ನಮ್ಮ ನಾಲ್ಕೂ ಊರುಗಳಲ್ಲಿ ಅವನು ಇಡೀ ಆಟಕ್ಕೆ ಒಂದು ಸಲ, ಒಂದೇ ಒಂದು ಸಲ, ಕುದುರೆಯ ಹಾಗೆ ನೆಗೆಯಬಹುದಾಗಿತ್ತು. ಆದರೆ ಅಷ್ಟರೊಳಗೆ ಅವನಿಗೆ ಚೆಕ್ ಬಿದ್ದಿರಬಾರದು. ಒಮ್ಮೆ ಚೆಕ್ ಬಿತ್ತೋ, ನೆಗೆತ ಕೈಬಿಟ್ಟುಹೋಯಿತು. ಎರಡನೆಯದು ಮರ್ಯಾದೆಯ ವಿಷಯ. ರಾಜನನ್ನು ಆನೆಯಿಂದ ಕಟ್ಟಿಹಾಕಿದರೂ ಗೆಲುವೇ, ಮಂತ್ರಿಯಿಂದ ಕಟ್ಟಿಹಾಕಿದರೂ ಗೆಲುವೇ. ಆದರೆ ಕಾಲಾಳಿನಿಂದ ಕಟ್ಟಿಹಾಕಿದರೆ ಅದರ ಗತ್ತೇ ಬೇರೆ. ಶೆಟ್ಟರ ತೆಲುಗಿನಲ್ಲಿ ಅದು 'ಬಂಟು ಆಟಕಟ್ಟು'; ಬಂಟು ಅಂದರೆ ಕಾಲಾಳು, ಆಟಕಟ್ಟು ಅಂದರೆ ರಾಜನನ್ನು ಕಟ್ಟಿಹಾಕುವುದು. ಹಾಗೆ ಗೆದ್ದವನು ಒಂದು ವಾರ ಮೀಸೆ ತಿರುವಬಹುದು. ಸೋತವನು ಎದುರು ಸಿಕ್ಕರೆ ತಲೆತಗ್ಗಿಸಬೇಕು.

ಅಪ್ಪನಿಗೆ ಕಾಲಾಳಿನ ಗೆಲುವಿನ ಹುಚ್ಚು. ನನಗೆ ನೆಗೆತದ ಹುಚ್ಚು. ಆಟ ಶುರುವಾದ ಕೂಡಲೇ ರಾಜನನ್ನು ನೆಗೆಸಿಬಿಡುತ್ತಿದ್ದೆ. ಅಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದ.

"ಅಯ್ಯೋ ನನ್ನಮ್ಮ, ನೆಗೆತ ಕೈಯಲ್ಲಿದ್ರೆ ಒಂದು ಕುದುರೆ ಜಾಸ್ತಿ ಇದ್ದಂಗೆ ಕಣೇ. ಸುಮ್ಸುಮ್ನೆ ಖರ್ಚು ಮಾಡ್ತಾರಾ? ಇಟ್ಕೋ. ಹಂಗಂತ ಇಟ್ಕೊಂಡೇ ಸೋತೂ ಹೋಗ್ಬೇಡ. ಬೇರೆ ದಾರಿ ಇಲ್ಲ ಅಂದಾಗ ನೆಗಿ."

ನಾನು ದೊಡ್ಡವಳಾದ ಮೇಲೆ ಅಜ್ಜಿ, ಅಂದರೆ ಅಪ್ಪನ ತಾಯಿ, ಒಂದು ಬೆಳಿಗ್ಗೆ ಜಗಲಿಗೆ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಬಸ್ ನಿಲ್ದಾಣದ ಎದುರು, ನಾಲ್ಕು ಊರಿನ ಗಂಡಸರು ಓಡಾಡುವ ಕಡೆ, ಹೆಣ್ಣುಮಗಳು ಕಾಲು ಮಡಿಸಿಕೊಂಡು ಕೂತು ಚದುರಂಗ ಆಡುವುದೇ? ಅಪ್ಪ ನನ್ನ ಪರವಾಗಿ ಜಗಳಕ್ಕೆ ನಿಲ್ಲುತ್ತಾನೆ ಅಂದುಕೊಂಡು ಅವನ ಮುಖ ನೋಡಿದೆ. ಅವನು ಮಣೆಯನ್ನೇ ನೋಡುತ್ತಾ, "ಇನ್ಮೇಲೆ ಒಳಗಿಂದ್ಲೇ ನೋಡ್ಕೋ ಕಣಮ್ಮ" ಅಂದ. ಅಜ್ಜಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಮೊದಲಿನಿಂದಲೂ ಹಾಗೇ. ಅಪ್ಪನ ಮೇಲೆ ಬಂದ ಸಿಟ್ಟಿಗೆ ಎರಡು ದಿನ ಅನ್ನ ಸೇರಲಿಲ್ಲ. ಬಸ್ಸುಗಳನ್ನೇ ನಡೆಸುವವನು, ಡ್ರೈವರುಗಳಿಗೆ ಗದರುವವನು, ತನ್ನ ತಾಯಿಯ ಎದುರು ಒಂದು ಮಾತು ಆಡಲಾರದೆ ಹೋದನಲ್ಲ ಅಂತ.

ಆಮೇಲೆ ನಾನು ಒಳಗಿನ ಕಿಟಕಿಯಿಂದ ಆಟ ನೋಡಿದೆ. ಕಿಟಕಿ ಇದ್ದದ್ದು ಅಪ್ಪನ ಬೆನ್ನಿನ ಕಡೆ. ಅವನ ಬೋಳುತಲೆ, ಅಂಗಿಯ ಕಾಲರು, ಭುಜದ ಮೇಲಿಂದ ಅರ್ಧ ಮಣೆ. ಕಾಣದ ಅರ್ಧವನ್ನು ನಾನೇ ಊಹಿಸಿಕೊಳ್ಳಬೇಕು. ಒಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಎಳೆದು, ಹುಣಸೆಬೀಜ, ಅವರೆಕಾಳು, ಒಡೆದ ಬಳೆಚೂರು ಇಟ್ಟುಕೊಂಡು ನಾಲ್ಕೂ ಊರಿನ ಆಟಗಳನ್ನು ಆಡುತ್ತಿದ್ದೆ. ಕೆಲವು ದಿನಗಳಾದ ಮೇಲೆ ಬೀಜಗಳೂ ಬೇಕಾಗಲಿಲ್ಲ. ಮಣೆ ತಲೆಯೊಳಗೇ ನಿಂತುಬಿಟ್ಟಿತು. ಮುಂದೆ ನನ್ನ ಹೊಟ್ಟೆಪಾಡಿಗೆ ಆದದ್ದು ಇದೇ ಅಭ್ಯಾಸ.

ಹೈಸ್ಕೂಲಿಗೆ ಹೋಗುವಾಗ ಒಮ್ಮೆ ಧೈರ್ಯ ಮಾಡಿ ಕೇಳಿದೆ, ನನ್ನ ಜೊತೆ ಮತ್ತೆ ಯಾವಾಗ ಆಡುತ್ತೀಯ ಅಂತ. ಅಪ್ಪ ಆಗ ತಾನೇ ಗೌರಿಬಿದನೂರಿನ ಮೇಷ್ಟ್ರನ್ನು ಕಾಲಾಳಿನಿಂದ ಕಟ್ಟಿಹಾಕಿದ್ದ. ಖುಷಿ ತಲೆಗೇರಿತ್ತು.

"ನನ್ನನ್ನ ಸೋಲಿಸೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬಾಮ್ಮ. ಜಗಲಿ ಮೇಲೆ ಅವರ ಪಕ್ಕದಲ್ಲೇ ನಿನ್ನನ್ನೂ ಕೂರಿಸ್ತೀನಿ. ನಿಮ್ಮಜ್ಜಿ ಏನಂದ್ರೂ ಸರಿ."

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪ ತಮಾಷೆಗೆ ಹೇಳಿದ್ದ. ನಾನು ಅದನ್ನು ಗಂಟು ಕಟ್ಟಿಕೊಂಡೆ.

ಗಣಿತ ಓದಲು ಬೆಂಗಳೂರಿಗೆ, ಚಿಕ್ಕಮ್ಮನ ಮನೆಗೆ ಹೋದೆ. ಪದವಿ ಮುಗಿಸಿದ ಮೇಲೆ ಸಂಸ್ಥೆಯೊಂದರಲ್ಲಿ ಲೆಕ್ಕಾಚಾರದ ಸಹಾಯಕಿಯಾಗಿ ಕೆಲಸ ಸಿಕ್ಕಿತು. ಅಲ್ಲಿಗೆ ಹೊಸದಾಗಿ ಒಂದು ಕಂಪ್ಯೂಟರ್ ಬಂದಿತ್ತು. ಬೀರುಗಳ ಸಾಲಿನ ಹಾಗೆ ನಿಂತಿದ್ದ ಅದಕ್ಕೊಂದು ತಣ್ಣನೆಯ ಕೋಣೆ, ಚಪ್ಪಲಿ ಹೊರಗೆ ಬಿಡಬೇಕು. ವಿಜ್ಞಾನಿಗಳು ಬರೆದುಕೊಟ್ಟದ್ದನ್ನು ಕಾರ್ಡುಗಳಲ್ಲಿ ತೂತು ಹೊಡೆದು ಯಂತ್ರಕ್ಕೆ ತಿನ್ನಿಸುವುದು ನಮ್ಮ ಕೆಲಸ. ಅವರು ಬರೆದದ್ದರಲ್ಲಿ ತಪ್ಪು ಕಂಡುಹಿಡಿದು ಹಿಡಿದು, ನಾನೇ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಆರು ತಿಂಗಳಲ್ಲಿ ಅವರೇ ನನ್ನ ಮೇಜಿನ ಹತ್ತಿರ ಬಂದು ನಿಲ್ಲುವ ಹಾಗಾಯಿತು. ನನಗೆ ಅದು ಆಶ್ಚರ್ಯ ಅನ್ನಿಸಲೇ ಇಲ್ಲ. ಅರ್ಧ ಮಣೆ ನೋಡಿ ಇನ್ನರ್ಧ ಊಹಿಸಿದವಳಿಗೆ ಇದೇನು ಮಹಾ?

ಸಂಸ್ಥೆಯ ಲೈಬ್ರರಿಯಲ್ಲಿ ಒಂದು ದಿನ ಯಾವುದೋ ವಿದೇಶಿ ಪತ್ರಿಕೆ ತಿರುವುತ್ತಿದ್ದೆ. ಕಂಪ್ಯೂಟರಿಗೆ ಚದುರಂಗ ಆಡಿಸಲು ಆಗುತ್ತದೆ ಅಂತ ಅದರಲ್ಲಿ ಬರೆದಿತ್ತು. ನನ್ನ ಕಿವಿ ನಿಮಿರಿತು. ಸೋಲಿಸುವವರನ್ನು ಕರೆದುಕೊಂಡು ಬಾ ಅಂದಿದ್ದನಲ್ಲ ಅಪ್ಪ! ಮನುಷ್ಯರನ್ನೇ ಕರೆತರಬೇಕು ಅಂತ ಅವನು ಹೇಳಿರಲಿಲ್ಲ.

ವಿಭಾಗದ ಮುಖ್ಯಸ್ಥರನ್ನು ಕೇಳಿದೆ. ಅವರು ಕನ್ನಡಕ ಕೆಳಗೆ ಜಾರಿಸಿ ನೋಡಿದರು. "ಯಂತ್ರ ಇರೋದು ಆಟ ಆಡೋಕಲ್ಲಮ್ಮ" ಅಂದರು. ಆಮೇಲೆ ಏನನ್ನಿಸಿತೋ, "ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗ್ತಾರಲ್ಲ, ಆಗ ಏನಾದ್ರೂ ಮಾಡ್ಕೊಳ್ಳಿ. ಕಾಗದ ಮಾತ್ರ ದಂಡ ಮಾಡ್ಬೇಡಿ" ಅಂದರು. ಅಲ್ಲಿಂದ ಮುಂದೆ ನನ್ನ ಊಟ ಅಂದರೆ ಚಿಕ್ಕಮ್ಮ ಕಟ್ಟಿಕೊಟ್ಟ ಎರಡು ರೊಟ್ಟಿ, ಅದೂ ಯಂತ್ರದ ಕೋಣೆಯ ಹೊರಗೆ ನಿಂತುಕೊಂಡು.

ಕಷ್ಟ ಏನೆಂದು ಹೇಳುತ್ತೇನೆ. ಯಂತ್ರಕ್ಕೆ ಕಣ್ಣಿಲ್ಲ, ಮಣೆ ಕಾಣುವುದಿಲ್ಲ. ಅರವತ್ನಾಲ್ಕು ಮನೆಗಳಲ್ಲಿ ಎಲ್ಲಿ ಏನಿದೆ ಎಂಬುದನ್ನು ಅಂಕಿಗಳಾಗಿ ಕೊಡಬೇಕು. ಪ್ರತಿ ಕಾಯಿಗೂ ಒಂದು ಬೆಲೆ ಕಟ್ಟಬೇಕು. ನಾನು ಹೀಗೆ ನಡೆದರೆ ಅವನು ಹೇಗೆ ನಡೆದಾನು, ಆಗ ಯಾರ ಕೈ ಮೇಲಾಗುತ್ತದೆ ಅಂತ ಅದು ಒಂದೊಂದೇ ನಡೆಯನ್ನು ಕೂಡಿ ಕಳೆದು ನೋಡಬೇಕು. ಯಂತ್ರದ ಮೆಮೊರಿಯೋ, ನಮ್ಮಜ್ಜಿಯ ಎಲೆಅಡಿಕೆ ಚೀಲದಷ್ಟು. ಒಂದು ತುರುಕಿದರೆ ಇನ್ನೊಂದು ಹೊರಬರುತ್ತಿತ್ತು. ಒಂದು ನಡೆ ಯೋಚಿಸಲು ಅದಕ್ಕೆ ಇಡೀ ಊಟದ ಹೊತ್ತು ಬೇಕಾಗುತ್ತಿತ್ತು. ಇದನ್ನು ಕೇಳಿ ನನ್ನ ಜೊತೆಯವರು ನಕ್ಕರು: ದಿನಕ್ಕೆ ಒಂದು ನಡೆ ಆಡುವ ಯಂತ್ರದ ಜೊತೆ ಆಡುವವರು ಯಾರು? ಅವರಿಗೆ ನಮ್ಮ ಕಡೆಯ ಬಸ್ಸುಗಳ ವಿಷಯ ಗೊತ್ತಿರಲಿಲ್ಲ. ದಿನಕ್ಕೆ ಒಂದು ನಡೆ ಅಂದರೆ ಅಪ್ಪನಿಗೆ ಓಡುವ ಆಟ.

ಒಂದು ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. "ನಿನ್ನ ಜೊತೆ ಆಡೋರು ಒಬ್ರು ಸಿಕ್ಕಿದ್ದಾರೆ. ಮನುಷ್ಯರಲ್ಲ."

"ದೆವ್ವಾನಾ?"

"ಯಂತ್ರ."

ಅಪ್ಪ ಕಾಫಿ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಜಗಲಿಯವರಿಗೆಲ್ಲ ಕೂಗಿ ಹೇಳಿದ. ಆಮೇಲೆ, "ಆಗಲಿ, ಬೆಂಗಳೂರು ಬಸ್ಸಲ್ಲಿ ಕಳಿಸು. ನಾಲ್ಕು ದಿನದಲ್ಲಿ ಮುಗಿಸಿ ಕಳಿಸ್ತೀನಿ" ಅಂದ.

ಮೊದಲ ಆಟ ನಗೆಪಾಟಲಾಯಿತು. ನಾನು ಪ್ರೋಗ್ರಾಂ ಬರೆದದ್ದು ವಿದೇಶಿ ಪುಸ್ತಕ ಇಟ್ಟುಕೊಂಡು. ಆ ಪುಸ್ತಕದ ಆಟದಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು. ನಮ್ಮ ಕಡೆ ಒಂದೇ. ಯಂತ್ರದ ಮೊದಲ ನಡೆಯೇ ಎರಡು ಮನೆ. ಅಪ್ಪ, "ಹೊಸಬ, ಹೊಸ್ತಿಲಲ್ಲೇ ಎಡವಿದ್ದಾನೆ, ಹೋಗ್ಲಿ ಬಿಡು" ಅಂತ ಮನ್ನಿಸಿ ಹೇಳಿಕಳಿಸಿದ. ಕೆಲವು ದಿನಗಳ ನಂತರ ಅವನು ತನ್ನ ರಾಜನನ್ನು ನೆಗೆಸಿದ. ಟಿಕೆಟ್ಟಿನ ಹಿಂದೆ ಇದ್ದದ್ದನ್ನು ನಾನು ಹಾಗೇ ಕಾರ್ಡಿಗೆ ಇಳಿಸಿ ಯಂತ್ರಕ್ಕೆ ಕೊಟ್ಟೆ. ಯಂತ್ರ 'ತಪ್ಪು ನಡೆ' ಅಂತ ಅಚ್ಚು ಹಾಕಿ ಸುಮ್ಮನೆ ನಿಂತಿತು. ನಾನೇ ಬರೆದ ಪ್ರೋಗ್ರಾಂ, ನನ್ನ ಅಪ್ಪನಿಗೇ ತಪ್ಪು ನಡೆ ಅನ್ನುತ್ತಿದೆ. ಹುಣಸೆಬೀಜದ ರಾಜನನ್ನು ಸಾವಿರ ಸಲ ನೆಗೆಸಿದವಳು ನಾನು. ಪುಸ್ತಕ ನೋಡಿದ ಕೂಡಲೇ ಊರಿನ ಆಟ ಮರೆತೆನಲ್ಲ ಅಂತ ನನ್ನ ಮೇಲೆ ನನಗೇ ರೇಗಿತು. ಯಂತ್ರ ಒಪ್ಪಲಿಲ್ಲ ಅಂತ ಬರೆದು ಕಳಿಸಿದೆ.

ಉತ್ತರ ತಂದ ಕಂಡಕ್ಟರು ನಗು ತಡೆದುಕೊಂಡು ಒಪ್ಪಿಸಿದ. "ಟಿಕೆಟ್ಟಲ್ಲಿ ಏನೂ ಬರ್ದಿಲ್ಲಮ್ಮ. ಬಾಯಲ್ಲಿ ಹೇಳು ಅಂದ್ರು. ಆಟ ಬರದೋರ ಜೊತೆ ನಾನು ಆಡಲ್ಲ, ಮೊದಲು ಕಲ್ಸು ಅಂದ್ರು."

ಕಲಿಸಿದೆ. ಅದೇ ನನ್ನ ಬದುಕಿನ ಒಳ್ಳೆಯ ಕೆಲಸ ಅಂತ ಈಗಲೂ ಹೇಳುತ್ತೇನೆ. ನೆಗೆತದ ತೊಡಕು ಏನೆಂದರೆ, ಮಣೆಯನ್ನು ಎಷ್ಟು ದಿಟ್ಟಿಸಿ ನೋಡಿದರೂ ಅದು ಕಾಣುವುದಿಲ್ಲ. ಈ ರಾಜನಿಗೆ ಹಿಂದೆ ಎಂದಾದರೂ ಚೆಕ್ ಬಿದ್ದಿತ್ತೇ, ಇವನು ಆಗಲೇ ನೆಗೆದಿದ್ದಾನೆಯೇ ಎಂಬುದನ್ನು ಆಡುವವರು ನೆನಪಿನಲ್ಲಿಟ್ಟುಕೊಳ್ಳಬೇಕು. ಯಂತ್ರಕ್ಕೆ ಹಾಗೆ ನೆನಪಿಡಲು ಜಾಗ ಬೇಕು, ಇರುವ ಜಾಗವೆಲ್ಲ ಭರ್ತಿ. ಆಗ ಪುಸ್ತಕದ ಪದ್ಧತಿಗಳ ಮೇಲೆ ಕೈ ಹಾಕಿದೆ. ರಾಜನೂ ಆನೆಯೂ ಒಂದೇ ನಡೆಯಲ್ಲಿ ಜಾಗ ಬದಲಿಸಿಕೊಳ್ಳುವುದೊಂದು ಇತ್ತು. ನಮ್ಮ ನಾಲ್ಕು ಊರಿನಲ್ಲಿ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಕಿತ್ತೆಸೆದೆ. ಕಾಲಾಳು ಎರಡು ಮನೆ ಓಡುವುದನ್ನು ಕಿತ್ತೆಸೆದೆ. ಕಾರ್ಡುಗಳ ಕಟ್ಟು ಎಷ್ಟು ಸಣ್ಣದಾಯಿತೆಂದರೆ, ರಾಜನ ನೆಗೆತವನ್ನು ತುಂಬಿದ ಮೇಲೂ ಇನ್ನಷ್ಟು ಜಾಗ ಉಳಿಯಿತು. ನಮ್ಮೂರಿನ ಆಟವೇ ಯಂತ್ರಕ್ಕೆ ಹಗುರ!

ಆದರೆ ನೆಗೆಯಲು ಬಂದ ಯಂತ್ರ ಆಟ ಶುರುವಾದ ಕೂಡಲೇ ನೆಗೆಯತೊಡಗಿತು. ಎಷ್ಟು ಸಲ ನಡೆಸಿ ನೋಡಿದರೂ ಅದೇ. ಎಂಟು ವರ್ಷದ ನಾನೇ ಆ ಬೀರುಗಳೊಳಗೆ ಕೂತ ಹಾಗಿತ್ತು. ನೆಗೆತವನ್ನು ಇಟ್ಟುಕೊಳ್ಳಬೇಕು ಅಂತ ಅದಕ್ಕೆ ಹೇಳುವುದು ಹೇಗೆ? ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತಿದ್ದಾಗ ಅಪ್ಪನ ಮಾತು ನೆನಪಾಯಿತು. ನೆಗೆತ ಕೈಯಲ್ಲಿದ್ದರೆ ಒಂದು ಕುದುರೆ ಜಾಸ್ತಿ ಇದ್ದಂತೆ. ಹಾಗಾದರೆ ಅದಕ್ಕೂ ಬೆಲೆ ಕಟ್ಟಿದರಾಯಿತು! ನೆಗೆಯದೆ ಉಳಿದ ರಾಜನಿಗೆ ಒಂದು ಕುದುರೆಯಷ್ಟು ಬೆಲೆ ಹೆಚ್ಚು ಅಂತ ಒಂದು ಕಾರ್ಡು ಹೊಡೆದು ಹಾಕಿದೆ. ಯಂತ್ರ ತಕ್ಷಣ ತೆಪ್ಪಗಾಯಿತು. ನಾನು ಆ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಎರಡನೇ ಆಟ ಶುರುವಾಯಿತು. ನಾನು ಅಪ್ಪನಿಗೆ ಏನನ್ನೂ ಮುಚ್ಚಿಡಲಿಲ್ಲ. ಯಂತ್ರಕ್ಕೆ ನೆಗೆತ ಕಲಿಸಿದ್ದೇನೆ ಅಂತ ಎದುರಿಗೇ ಹೇಳಿದೆ. ಅಪ್ಪ ಮೂಗು ಮುರಿದ.

"ನೆಗೆಯೋದು ಯಾರಿಗೂ ಬರ್ತದಮ್ಮ. ಯಾವಾಗ ಅನ್ನೋದು ಇದೆ ನೋಡು, ಅದು ಮನುಷ್ಯನ ಹೊಟ್ಟೇಲಿ ಹುಟ್ಬೇಕು. ಶೆಟ್ರಿಗೇ ಇನ್ನೂ ಹುಟ್ಟಿಲ್ಲ."

ಈ ಸಲ ಯಂತ್ರ ಚೆನ್ನಾಗಿ ಆಡಿತು. ತುಂಬ ಜಾಣತನ ಇರಲಿಲ್ಲ, ಆದರೆ ಪುಕ್ಕಟೆ ಒಂದು ಕಾಯಿಯನ್ನೂ ಬಿಟ್ಟುಕೊಡುತ್ತಿರಲಿಲ್ಲ. ವಾರಗಳು ಕಳೆದವು. ಬೆಂಗಳೂರು ಬಸ್ಸು ಬಂತೆಂದರೆ ನಿಲ್ದಾಣದಲ್ಲಿ ಜನ ಸೇರತೊಡಗಿದರು ಅಂತ ಸುದ್ದಿ ಬಂತು. ಮಳೆಗೆ ರಸ್ತೆ ಕೆಟ್ಟು ಬಸ್ಸು ನಿಂತ ದಿನ ನಾನು ಬೆಂಗಳೂರಿನಲ್ಲಿ ಸಿಡಿಮಿಡಿಗೊಂಡೆ, ಅಪ್ಪ ಅಲ್ಲಿ ಸಿಡಿಮಿಡಿಗೊಂಡನಂತೆ. ನಾನು ಜಗಲಿ ಬಿಟ್ಟ ಮೇಲಿನ ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಆಟದೊಳಗೆ ಇದ್ದದ್ದು ಅದೇ ಮೊದಲು, ಅದೂ ಮುಖ ನೋಡದೆ.

ಕೊನೆಗೆ ಅಪ್ಪನ ಕೈ ಮೇಲಾಯಿತು. ಯಂತ್ರದ ರಾಜ ಮೂಲೆಗೆ ಸಿಕ್ಕಿಕೊಂಡ. ಯಂತ್ರಕ್ಕೆ ಇದ್ದ ಒಂದೇ ಆಸೆ, ಅದರದೊಂದು ಕಾಲಾಳು ಅಪ್ಪನ ಕಡೆಯ ಕೊನೆಯ ಸಾಲಿಗೆ ಒಂದು ಹೆಜ್ಜೆ ದೂರದಲ್ಲಿತ್ತು. ಆ ಹೆಜ್ಜೆ ಇಟ್ಟರೆ ಮಂತ್ರಿಯಾಗುತ್ತಿತ್ತು. ಅದಕ್ಕೆ ಮೊದಲು ಅಪ್ಪ ಮುಗಿಸಿಬಿಡಬಹುದಿತ್ತು. ಆನೆಯಿಂದ ಒಂದು ಚೆಕ್ ಕೊಟ್ಟು, ಅಲ್ಲಿಗೆ ನೆಗೆತವನ್ನು ಕೊಂದು, ಮತ್ತೊಂದು ಚೆಕ್ಕಿನಲ್ಲಿ ಕಟ್ಟಿಹಾಕಿದ್ದರೆ ಆಟ ಮುಗಿದಿತ್ತು. ನನ್ನ ತಲೆಯೊಳಗಿನ ಮಣೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಶನಿವಾರ ಬೆಳಗಿನ ಬಸ್ಸಿಗಾಗಿ ಕಾಯುತ್ತಾ ನಿಂತಾಗ ಸೋತೆವು ಅಂತಲೇ ಅಂದುಕೊಂಡಿದ್ದೆ.

ಟಿಕೆಟ್ಟು ಬಂತು. ಅಪ್ಪ ಚೆಕ್ ಕೊಟ್ಟಿರಲಿಲ್ಲ. ತನ್ನ ಕಾಲಾಳನ್ನು ಒಂದು ಹೆಜ್ಜೆ ಮುಂದಿಟ್ಟಿದ್ದ. ಮುಂದಿನ ನಡೆಯಲ್ಲಿ ಕಾಲಾಳಿನಿಂದಲೇ ರಾಜನನ್ನು ಕಟ್ಟಿಹಾಕುವ ಹುನ್ನಾರ. ಯಂತ್ರದಂಥ ಯಂತ್ರವನ್ನು ಬರೀ ಆನೆಯಿಂದ ಸೋಲಿಸಿದರೆ ಏನು ಮರ್ಯಾದೆ? ಬೇರೆ ಯಾವ ದೇಶದ ಆಟಗಾರನೂ ಈ ನಡೆ ಆಡುತ್ತಿರಲಿಲ್ಲ. ನಮ್ಮ ನಾಲ್ಕು ಊರಿನವರು ಯಾರಾದರೂ ಇದನ್ನೇ ಆಡುತ್ತಿದ್ದರು.

ಕಂಡಕ್ಟರು ಇನ್ನೊಂದು ಮಾತು ಹೇಳಿದ. "ನಿಮ್ಮಪ್ಪ ಇವತ್ತು ಸಂಜೆಗೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲಾರ್ನೂ ಕರ್ಸಿದ್ದಾರೆ ಕಣಮ್ಮ. ಯಂತ್ರಕ್ಕೆ ಕಾಲಾಳಲ್ಲಿ ಕಟ್ಟು ಹಾಕ್ತೀನಿ, ಬಂದು ನೋಡಿ ಅಂತ. ಮನೇಲಿ ಬೋಂಡ ಕರೀತಾವ್ರೆ."

ಶನಿವಾರ ಅರ್ಧ ದಿನ ಕೆಲಸ. ಎಲ್ಲರೂ ಹೋದ ಮೇಲೆ ನಾನು ಕಾರ್ಡುಗಳನ್ನು ಯಂತ್ರಕ್ಕೆ ಕೊಟ್ಟೆ. ಅದು ಒಂದೊಂದೇ ನಡೆಯನ್ನು ಹಾಕಿ ನೋಡಿತು. ಹೀಗೆ ನಡೆದರೆ ಆಟಕಟ್ಟು. ಹಾಗೆ ನಡೆದರೆ ಆಟಕಟ್ಟು. ಮಂತ್ರಿಯಾಗಲು ಹೋದರೂ ಆಟಕಟ್ಟು. ಉಳಿದದ್ದು ಒಂದೇ. ಒಂದು ಕುದುರೆಯ ಬೆಲೆ ಹೋದರೆ ಹೋಗಲಿ, ರಾಜ ಉಳಿಯಲಿ ಅಂತ ಲೆಕ್ಕ ಹಾಕಿ ಯಂತ್ರ ಒಂದು ಸಾಲು ಅಚ್ಚು ಮಾಡಿತು. ಆ ಕಾಗದವನ್ನು ಹರಿದು ಕೈಚೀಲದಲ್ಲಿ ಇಟ್ಟುಕೊಂಡೆ. ಈ ನಡೆಯನ್ನು ಕಂಡಕ್ಟರ ಕೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ನಾನೇ ಬಸ್ಸು ಹತ್ತಿದೆ.

ಜಗಲಿ ಕಿಕ್ಕಿರಿದಿತ್ತು. ಶೆಟ್ಟರು ಗೋಡೆಗೆ ಒರಗಿ ಕೂತಿದ್ದರು, ಸಾಹೇಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು, ಮೇಷ್ಟ್ರು ಮಣೆಯ ಮೇಲೆ ಬಗ್ಗಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮದುವಣಿಗನ ಹಾಗಿದ್ದ. ನನ್ನನ್ನು ಕಂಡು, "ಓಹೋ, ಯಂತ್ರದ ಕಡೆಯೋರು ಬಂದ್ರು! ಏನಂತಮ್ಮ ಅದು, ಸೋತೆ ಅಂತಾ?" ಅಂದ. ಎಲ್ಲರೂ ನಕ್ಕರು.

ನಾನು ಜಗಲಿಯ ಕೆಳಗೆ, ರಸ್ತೆಯಲ್ಲಿ ನಿಂತೇ ಹೇಳಿದೆ. "ರಾಜ ನೆಗೆದಿದ್ದಾನೆ ಅಪ್ಪ."

ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಮಣೆ ನೋಡಿದ ಕೂಡಲೇ ಎಲ್ಲರಿಗೂ ಕಂಡಿತು. ಮೂಲೆಯಲ್ಲಿದ್ದ ರಾಜ ನೆಗೆದು ಅಪ್ಪನ ಕಾಲಾಳಿನ ಪಕ್ಕಕ್ಕೇ ಬಂದು ನಿಲ್ಲುತ್ತಿದ್ದ. ಇನ್ನು ಆ ಕಾಲಾಳಿಗೂ ಕಾವಲು ಬೇಕು, ಆ ಕಡೆ ಮಂತ್ರಿಯಾಗಲು ಹೊರಟ ಯಂತ್ರದ ಕಾಲಾಳನ್ನೂ ತಡೆಯಬೇಕು. ಅಪ್ಪನಿಗೆ ಇದ್ದದ್ದು ಒಂದೇ ಆನೆ. ಅವನು ಕೈ ಮುಂದೆ ಚಾಚಿ, ಆನೆಯನ್ನು ಮುಟ್ಟಿ, ಹಿಂದಕ್ಕೆ ತೆಗೆದುಕೊಂಡ. ಬೋಂಡದ ತಟ್ಟೆ ಹಿಡಿದು ಬಾಗಿಲಿಗೆ ಬಂದ ಅಜ್ಜಿ ಅಲ್ಲೇ ನಿಂತಳು.

ಶೆಟ್ಟರು ಮೆಲ್ಲಗೆ, "ಅಯ್ಯಿಪೋಯಿಂದಿ ಸ್ವಾಮಿ" ಅಂದರು. ಮುಗಿದೇ ಹೋಯಿತು ಅಂತ. ಅವರ ದನಿಯಲ್ಲಿ ಇಪ್ಪತ್ತು ವರ್ಷದ ಸೇಡು ತೀರಿದ ಸಂತೋಷವೂ ಇತ್ತು.

ಅಪ್ಪ ಮಣೆಯಿಂದ ತಲೆ ಎತ್ತದೆ ಕೇಳಿದ.

"ಇಷ್ಟು ದಿನ ಇಟ್ಕೊಂಡಿತ್ತಲ್ಲ. ಈಗ್ಯಾಕೆ ನೆಗೀತು?"

"ಬೇರೆ ದಾರಿ ಇರಲಿಲ್ಲ, ನೆಗೀತು."

"ಅದಕ್ಯಾರು ಹೇಳ್ಕೊಟ್ಟೋರು?"

"ನಾನು."

"ನಿಂಗೆ?"

"ನೀನೇ ಅಲ್ವೇನಪ್ಪ."

ಅವನು ಆಗ ತಲೆ ಎತ್ತಿ ನನ್ನನ್ನು ನೋಡಿದ. ತನ್ನ ರಾಜನನ್ನು ತಾನೇ ಮಣೆಯ ಮೇಲೆ ಮಲಗಿಸಿದ. ಎಲ್ಲರ ಎದುರಿಗೆ, ಯಾವ ನೆಪವನ್ನೂ ಹೇಳದೆ. ಅವನನ್ನು ಸೋಲಿಸಬೇಕು ಅಂತ ಅಷ್ಟು ವರ್ಷ ಹಂಬಲಿಸಿದವಳಿಗೆ ಅವನು ಸೋಲುವುದನ್ನು ನೋಡಲು ಕಷ್ಟವಾಯಿತು.

"ಸೋಲಿಸೋರ್ನ ಕರ್ಕೊಂಡ್ ಬಾ ಅಂದಿದ್ದೆ," ಅಂದ ಅಪ್ಪ. ಅವನಿಗೂ ನೆನಪಿತ್ತು. "ಅದನ್ನ ಇಲ್ಲಿಗೆ ಕರ್ಕೊಂಡ್ ಬರಕ್ಕಾಗ್ತದಾ?"

"ಆಗಲ್ಲ. ಅದೇ ಒಂದು ಮನೆಯಷ್ಟಿದೆ."

"ಹಂಗಾದ್ರೆ ನೀನೇ ಬಾ. ಕೂತ್ಕೋ."

ಎದುರು ಕೂತಿದ್ದ ಸಾಹೇಬರು ಟೋಪಿ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಬಾಗಿಲಲ್ಲಿ ಅಜ್ಜಿ ಕೆಮ್ಮಿದಳು. ಆ ಕೆಮ್ಮಿನ ಅರ್ಥ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪ ತಿರುಗಿಯೂ ನೋಡದೆ, "ಅಮ್ಮಾ, ಇನ್ನೊಂದು ಲೋಟ ಕಾಫಿ ಆಚೆಗೆ ಕೊಡು. ಮಗು ಬಸ್ಸಲ್ಲಿ ಬಂದೈತೆ" ಅಂದ.

ನಾನು ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕಾಲು ಮಡಿಸಿಕೊಂಡು ಕೂತೆ. ಅಷ್ಟು ವರ್ಷ ಅಪ್ಪ ಆಡುವುದನ್ನು ನಾನು ನೋಡಿದ್ದು ಅವನ ಬೆನ್ನ ಹಿಂದಿನಿಂದ. ಆಡುವಾಗ ಅವನ ಮುಖ ಹೇಗಾಗುತ್ತದೆ ಎಂಬುದನ್ನೇ ಮರೆತಿದ್ದೆ. ಹುಬ್ಬು ಗಂಟಿಕ್ಕಿ, ಕೆಳತುಟಿ ಕಚ್ಚಿಕೊಂಡು ಕಾಯಿಗಳನ್ನು ಹೊಸದಾಗಿ ಹೂಡಿದ. ನಾನು ಮೊದಲು ನಡೆದೆ.

ನಾನು ಗೆದ್ದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಗೆಲ್ಲಲಿಲ್ಲ. ಅಪ್ಪ ಆ ಆಟದಲ್ಲಿ ಕಾಲಾಳಿನ ಗೆಲುವಿಗೆ ಕಾಯಲೇ ಇಲ್ಲ. ಸಂದು ಸಿಕ್ಕಿದ ಮೊದಲ ಕ್ಷಣವೇ, ಒಂದು ಕುದುರೆಯನ್ನು ಕಳೆದುಕೊಂಡಾದರೂ ಸರಿ ಅಂತ, ನನ್ನ ರಾಜನಿಗೆ ಚೆಕ್ ಕೊಟ್ಟು ನನ್ನ ನೆಗೆತವನ್ನು ಕಿತ್ತುಕೊಂಡ. ಶೆಟ್ಟರ ಜೊತೆ, ಮೇಷ್ಟ್ರ ಜೊತೆ ಅವನು ಒಂದು ದಿನವೂ ಹಾಗೆ ಹೆದರಿ ಆಡಿದವನಲ್ಲ.